ದಫೇದಾರನ ಬೋಗುಣಿ

ನಾಯಿ ಮೇಷ್ಟರ ಲೆಕ್ಕದಲ್ಲಿ ಪ್ರಪಂಚದಲ್ಲಿ ಇರುವುದು ಎರಡೇ ಜಾತಿ. ಒಂದು ಆಟದ ಜಾತಿ, ಇನ್ನೊಂದು ಕೆಲಸದ ಜಾತಿ. ಲ್ಯಾಬ್ರಡಾರ್, ಬೀಗಲ್, ಪಗ್ ಇವೆಲ್ಲ ಆಟದವು. ಕಳ್ಳ ಗೋಡೆ ಹಾರಿ ಬಂದರೆ ಅವನ ಮುಂದೆಯೂ ಚೆಂಡು ತಂದಿಟ್ಟು ಬಾಲ ಅಲ್ಲಾಡಿಸುವಂಥವು. ಜರ್ಮನ್ ಶೆಫರ್ಡ್, ಡಾಬರ್‌ಮನ್, ರಾಟ್‌ವೀಲರ್ ಕೆಲಸದವು. ಅವಕ್ಕೆ ಕೊಟ್ಟ ಕೆಲಸವೇ ಆಟ. ಈ ಲೆಕ್ಕವನ್ನು ಮೇಷ್ಟರು ನಾಯಿಗಳ ಮಟ್ಟಿಗೇ ನಿಲ್ಲಿಸಿದ್ದರೆ ಮನೆಮಂದಿ ಬಚಾವಾಗುತ್ತಿದ್ದರು. ಹೆಂಡತಿ ಊಟದ ನಡುವೆ ನಕ್ಕರೆ "ಆಟದ ಜಾತಿ" ಎನ್ನುವರು. ಮೊಮ್ಮಗಳು ಪುಟ್ಟಿ ಲೆಕ್ಕದ ಪರೀಕ್ಷೆಯಲ್ಲಿ ಕಡಿಮೆ ಅಂಕ ತಂದರೆ "ಅಜ್ಜಿಯ ತಳಿ" ಎನ್ನುವರು. ಮಗನ ವಿಷಯದಲ್ಲಂತೂ ಹೇಳುವುದೇ ಬೇಡ. ಅಪ್ಪ ನಲವತ್ತು ವರ್ಷ ಗೋದಾಮುಗಳಿಗೆ, ಕಾರ್ಖಾನೆಗಳಿಗೆ ಕಾವಲು ನಾಯಿ ಪಳಗಿಸಿ ಕೊಟ್ಟವರು. ಮಗ ಮುಖ್ಯರಸ್ತೆಯಲ್ಲಿ ಅಂಗಡಿ ತೆರೆದು ರಬ್ಬರ್ ಮೂಳೆ, ಬಾಚಣಿಗೆ, ಶಾಂಪೂ ಮತ್ತು ಆಟದ ಜಾತಿಯ ಮರಿಗಳನ್ನು ಮಾರುತ್ತಿದ್ದ. ಅಂಗಡಿ ಚೆನ್ನಾಗಿಯೇ ನಡೆಯುತ್ತಿತ್ತು, ಮೇಷ್ಟರಿಗೆ ಉರಿಯುತ್ತಿದ್ದುದೂ ಅದಕ್ಕೇ.

ಸೊಸೆಯನ್ನು ಮಾತ್ರ ಅವರು ಹನ್ನೆರಡು ವರ್ಷವಾದರೂ ಯಾವ ಸಾಲಿಗೂ ಸೇರಿಸಿರಲಿಲ್ಲ. ಅವಳ ಪಾಲಿಗೆ ಬಂದದ್ದು ನಾಯಿಗಳ ಅಡುಗೆ. ಬೆಳಿಗ್ಗೆ ದೊಡ್ಡ ಪಾತ್ರೆಯಲ್ಲಿ ಮಾಂಸದ ಚೂರು, ಗಜ್ಜರಿ, ಅಕ್ಕಿ ನುಚ್ಚು ಬೇಯಿಸಿ ಆರಿಸಿ, ಬೋಗುಣಿಗಳಿಗೆ ಬಡಿಸಿ ಅಂಗಳದಲ್ಲಿಟ್ಟು ಬರುವುದು, ಆಮೇಲೆ ಬೋಗುಣಿ ತೊಳೆಯುವುದು. ಒಂದು ಕಾಲದಲ್ಲಿ ಹನ್ನೊಂದು ಬೋಗುಣಿಗಳಿದ್ದವು. ಈಗ ಎರಡೇ. ಒಂದು ಪುಟ್ಟಿಯ ಬೀಗಲ್ ಗಿರಗಿಟ್ಲೆಯದು, ಇನ್ನೊಂದು ದಫೇದಾರನದು.

ದಫೇದಾರ ಮೇಷ್ಟರ ಕೊನೆಯ ಶೆಫರ್ಡ್. ಆರು ವರ್ಷದ್ದು. ಅದನ್ನು ಕೊಳ್ಳಲು ಬಂದ ಕಾರ್ಖಾನೆಯವರನ್ನೆಲ್ಲ ಮೇಷ್ಟರು ಬಾಗಿಲಲ್ಲೇ ವಾಪಸು ಕಳಿಸಿದ್ದರು. "ಇದನ್ನ ಮಾತ್ರ ಯಾರಿಗೂ ಕೊಡಲ್ಲ. ನಾನು ಸತ್ತ ಮೇಲೆ ಬನ್ನಿ" ಎಂದು ಬಿಡುತ್ತಿದ್ದರು. ಎದುರಿಗೆ ಊಟವಿದ್ದರೂ ದಫೇದಾರ ಕಲ್ಲಿನಂತೆ ಕೂತಿರುತ್ತಿತ್ತು. ಮೇಷ್ಟರು ಬಲಗೈಯಿಂದ ತೊಡೆ ತಟ್ಟಿ "ಅಪ್ಪಣೆ" ಎಂದ ಮೇಲೆಯೇ ಬಾಯಿ ಹಾಕುತ್ತಿತ್ತು. ಕಾವಲು ನಾಯಿಗೆ ಕಳ್ಳರು ವಿಷ ಹಾಕಿದ ಮಾಂಸ ಎಸೆಯುತ್ತಾರೆ, ಅದಕ್ಕೇ ಈ ಪಾಠ. ಪಾಠ ಕಲಿಸುವಾಗ ಕಳ್ಳನ ಕೈ ಎಡಗೈ. ಮಗ ಹದಿನೈದರ ವಯಸ್ಸಿನಿಂದ ಅಪ್ಪನ ಕಳ್ಳ. ದಪ್ಪ ತೋಳಿನ ಕೋಟು ತೊಟ್ಟು ಎಡಗೈಯಲ್ಲಿ ಮಾಂಸ ಚಾಚುವುದು ಅವನ ಕೆಲಸ. ನಾಯಿ ಮೂಗು ಚಾಚಿದರೆ ಮೇಷ್ಟರು ಗದರುವರು. ದಫೇದಾರನ ಸರದಿ ಬಂದಾಗ ಹೆಂಡತಿಯಿಂದಲೂ ರೊಟ್ಟಿ ಚಾಚಿಸಿದರು, ಪುಟ್ಟಿಯಿಂದಲೂ ಬಿಸ್ಕತ್ತು ಚಾಚಿಸಿದರು. ಸೊಸೆಯನ್ನು ಕರೆದಾಗ ಅವಳು ಒಲೆಯ ಮುಂದಿನಿಂದಲೇ ಹೇಳಿದ್ದಳು.

"ಅನ್ನ ತೋರಿಸಿ ಬೈಸೋದು ನನ್ ಕೈಲಾಗಲ್ಲ ಮಾವ. ಬೇಯಿಸಿ ಹಾಕ್ತೀನಿ, ಅಷ್ಟೇ."

ಮೇಷ್ಟರು ಅವಳನ್ನು ಬಿಟ್ಟು ಪಾಠ ಮುಂದುವರಿಸಿದ್ದರು.

ಆ ಸೋಮವಾರ ಬೆಳಿಗ್ಗೆ ಅವಳು ಎರಡೂ ಬೋಗುಣಿ ಇಟ್ಟು ಒಳಗೆ ಬಂದಿದ್ದಳಷ್ಟೆ. ಅಂಗಳದಲ್ಲಿ ಏನೋ ಬಿದ್ದ ಸದ್ದಾಯಿತು. ಗಿರಗಿಟ್ಲೆ ಕಿರುಚಿಕೊಂಡಿತು. ಓಡಿ ಹೋಗಿ ನೋಡಿದರೆ ಮೇಷ್ಟರು ಬಲಕ್ಕೆ ವಾಲಿ ಬಿದ್ದಿದ್ದರು. ಬಾಯಿ ಸೊಟ್ಟಗಾಗಿತ್ತು, ಏನೋ ಹೇಳಲು ಹೆಣಗುತ್ತಿದ್ದರು. ದಫೇದಾರ ಬೋಗುಣಿಯ ಮುಂದೆ ಕೂತು ಅವರನ್ನೇ ನೋಡುತ್ತಿತ್ತು. ಊಟ ಇಟ್ಟಾಗಿತ್ತು, ಅಪ್ಪಣೆ ಆಗಿರಲಿಲ್ಲ.

ಲಕ್ವ ಎಂದರು ಆಸ್ಪತ್ರೆಯಲ್ಲಿ. ಬಲಭಾಗ ಸ್ವಾಧೀನ ತಪ್ಪಿದೆ, ಮಾತು ನಿಂತಿದೆ, ಬುದ್ಧಿ ನೆಟ್ಟಗಿದೆ. ಮಗ, ಅತ್ತೆ ಸರದಿಯ ಮೇಲೆ ಆಸ್ಪತ್ರೆಯಲ್ಲಿ ಕೂತರು. ಸೊಸೆ ಮನೆ, ಅಂಗಡಿ, ಪುಟ್ಟಿಯ ಸ್ಕೂಲು ಎಂದು ಬುಗುರಿಯಂತೆ ಸುತ್ತಿದಳು. ಆ ಗಡಿಬಿಡಿಯಲ್ಲಿ ದಫೇದಾರನ ಬೋಗುಣಿ ಇಟ್ಟಂತೆಯೇ ವಾಪಸು ಬರುತ್ತಿದ್ದುದನ್ನು ಮೊದಲ ಎರಡು ದಿನ ಅವಳು ಗಮನಿಸಲೇ ಇಲ್ಲ. ಬೇಸರಕ್ಕೆ ಬಿಟ್ಟಿದೆ, ಹಸಿದರೆ ತಿನ್ನುತ್ತದೆ ಅಂದುಕೊಂಡಳು. ಮೂರನೇ ದಿನ ಬೋಗುಣಿ ತೊಳೆಯಲು ಕೂತಾಗ ಅವಳಿಗೆ ವಿಷಯ ಹೊಳೆಯಿತು.

"ರೀ, ದಫೇದಾರ ತಿಂತಿಲ್ಲ" ಎಂದಳು, ಆಸ್ಪತ್ರೆಯಿಂದ ಬಂದು ಶರ್ಟು ಬದಲಿಸುತ್ತಿದ್ದ ಗಂಡನಿಗೆ.

"ನೀರು?"

"ನೀರು ಕುಡಿಯುತ್ತೆ. ಊಟಕ್ಕೆ ಅಪ್ಪಣೆ ಬೇಕಲ್ಲ ಅದಕ್ಕೆ."

ಗಂಡ ಅಂಗಳಕ್ಕೆ ಹೋಗಿ, ಅಪ್ಪನ ಹಾಗೆಯೇ ನೆಟ್ಟಗೆ ನಿಂತು, ಬಲತೊಡೆ ತಟ್ಟಿ "ಅಪ್ಪಣೆ" ಎಂದ. ದಫೇದಾರ ತುಟಿ ಎತ್ತಿ ಗುರ್ ಎಂದಿತು. ಇನ್ನೊಮ್ಮೆ ಎಂದ. ಅದು ಎದ್ದು ನಿಂತಿತು. ಅವನು ನಿಧಾನವಾಗಿ ಹಿಂದಕ್ಕೆ ಸರಿದು ಬಾಗಿಲು ಹಾಕಿಕೊಂಡ.

"ಅದರ ಕಣ್ಣಲ್ಲಿ ನಾನು ಕಳ್ಳ ಕಣೇ! ಹದಿನೈದನೇ ವಯಸ್ಸಿಂದ ಈ ಮನೇಲಿ ನಾನು ಕಳ್ಳನೇ. ಈಗ ಅಪ್ಪಣೆ ಕೊಡೋಕೆ ಬಂದ್ರೆ ಅದು ಕೇಳುತ್ತಾ?"

"ಹಾಗಾದ್ರೆ ಯಾರು ಕೊಡ್ಬೇಕು?"

"ಕೊಡೋರು ಆಸ್ಪತ್ರೇಲಿ ಮಲಗಿದಾರೆ. 'ನನ್ನ ನಾಯಿ ಸಾಯುತ್ತೆ ಹೊರ್ತು ಇನ್ನೊಬ್ರ ಕೈಯಿಂದ ತಿನ್ನಲ್ಲ' ಅಂತ ಊರಿಗೆಲ್ಲಾ ಹೇಳ್ಕೊಂಡು ತಿರುಗ್ತಿದ್ರಲ್ಲ, ಈಗ ನೋಡು."

ಅಡುಗೆಮನೆಯಲ್ಲಿ ಬಾಗಿಲಿಗೆ ಕಿವಿ ಕೊಟ್ಟಿದ್ದ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಈ ವಿಷಯ ಅವರ ಕಿವಿಗೆ ಹಾಕ್ಬೇಡಿ ಕಣ್ರಪ್ಪಾ. ಎದೆ ಒಡ್ಕೊಂಡು ಹೋಗಿಬಿಡ್ತಾರೆ" ಎಂದರು. ಅವರೂ ರೊಟ್ಟಿ ಚೂರು ಹಿಡಿದು ನೋಡಿದ್ದರು. ದಫೇದಾರ ಅವರಿಗೆ ಗುರ್ ಎನ್ನಲಿಲ್ಲ, ಮರ್ಯಾದೆಯಿಂದ ಮುಖ ತಿರುಗಿಸಿತ್ತು.

ಐದನೇ ದಿನ ನಾಯಿ ಡಾಕ್ಟರಮ್ಮ ಬಂದರು. ಬಾಯಿಗೆ ಪಟ್ಟಿ ಕಟ್ಟದೆ ಮುಟ್ಟುವುದಿಲ್ಲ ಎಂದರು. ಯಾರು ಕಟ್ಟುವುದು ಎಂಬ ಪ್ರಶ್ನೆ ಬಂದಾಗ ಎಲ್ಲರೂ ಹಿಂದೆ ಸರಿದರು. ಕೊನೆಗೆ ಸೊಸೆ ಸೆರಗು ಸಿಕ್ಕಿಸಿ ಹೋಗಿ ಕಟ್ಟಿದಳು. ನಾಯಿ ಅಲುಗಲಿಲ್ಲ. ಡಾಕ್ಟರಮ್ಮ ಕಾಲಿಗೆ ಸೂಜಿ ಹಾಕಿ ಒಂದು ಬಾಟಲಿ ಗ್ಲೂಕೋಸ್ ಇಳಿಸಿದರು.

"ಇದು ಊಟ ಅಲ್ಲಮ್ಮ, ಊಟದ ಆಸೆ. ಇದನ್ನೇ ನಂಬ್ಕೊಂಡು ಎಷ್ಟು ದಿನ ಅಂತ ಇರುತ್ತೆ? ಏನಾದ್ರೂ ಮಾಡಿ ತಿನ್ಸಿ."

"ಏನ್ ಮಾಡ್ಲಿ ಡಾಕ್ಟ್ರೇ? ಪಕ್ಕದಲ್ಲಿ ಆ ಗಿರಗಿಟ್ಲೆ ನೋಡಿ, ಕಸ ಗುಡಿಸೋ ಪೊರಕೇನೂ ತಿನ್ನುತ್ತೆ."

ಗಿರಗಿಟ್ಲೆ ತನ್ನ ಬೋಗುಣಿಯನ್ನು ಅರ್ಧ ನಿಮಿಷದಲ್ಲಿ ಮುಗಿಸಿ, ದಫೇದಾರನ ಬೋಗುಣಿಯಿಂದ ಒಂದು ಮಾರು ದೂರದಲ್ಲಿ ಮಲಗಿ ಜೊಲ್ಲು ಸುರಿಸುತ್ತಿತ್ತು. ಹತ್ತಿರ ಹೋಗುವ ಧೈರ್ಯ ಅದಕ್ಕಿರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಒಂದರ ಗುಣ ಅದನ್ನು ಕೊಬ್ಬಿಸುತ್ತಿತ್ತು, ಇನ್ನೊಂದರ ಗುಣ ಅದನ್ನು ಕೊಲ್ಲುತ್ತಿತ್ತು. ದಫೇದಾರನ ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಾಗಿತ್ತು.

ಪುಟ್ಟಿಗೆ ಒಂದು ಉಪಾಯ ಹೊಳೆಯಿತು. ತಾತ ನಾಯಿಗೆ ಊಟ ಕೊಡುವ ವಿಡಿಯೊ ಅವಳಮ್ಮನ ಫೋನಿನಲ್ಲಿತ್ತು. ಅದನ್ನು ಬೋಗುಣಿಯ ಹತ್ತಿರ ಹಿಡಿದು ಜೋರಾಗಿ ಹಾಕಿದಳು. ಫೋನಿನೊಳಗಿಂದ ಮೇಷ್ಟರ ಗಂಟಲು "ಅಪ್ಪಣೆ" ಎಂದಿತು. ದಫೇದಾರನ ಕಿವಿ ನಿಮಿರಿತು. ಎದ್ದಿತು. ಅದು ಬೋಗುಣಿ ದಾಟಿ, ತೂರಾಡುತ್ತಾ ಗೇಟಿನವರೆಗೆ ಹೋಗಿ, ಸಂದಿಯಲ್ಲಿ ಮೂಗಿಟ್ಟು ಬೀದಿಯ ಗಾಳಿ ಮೂಸಿ ನೋಡಿತು. ಅಲ್ಲಿಂದ ಸಂಜೆಯವರೆಗೂ ಏಳಲಿಲ್ಲ.

"ಇನ್ನೊಂದ್ಸಲ ಹಾಕ್ಲಾ ಅಮ್ಮಾ?"

"ಬೇಡ ಪುಟ್ಟಿ. ಆಸೆ ತೋರಿಸಿದ ಹಾಗಾಗುತ್ತೆ" ಎಂದು ಸೊಸೆ ಒಳಗೆ ಹೋಗಿ, ಈರುಳ್ಳಿ ಹೆಚ್ಚುವ ನೆಪದಲ್ಲಿ ಚೆನ್ನಾಗಿ ಅತ್ತಳು.

ಹತ್ತನೇ ದಿನ ಮೇಷ್ಟರನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಮನೆಗೆ ತಂದರು. ಅಷ್ಟು ದಿನ ಎಲ್ಲರೂ ಇದೊಂದೇ ಗಳಿಗೆಗೆ ಕಾದಿದ್ದರು. ಗೇಟು ತೆರೆದದ್ದೇ ತಡ, ದಫೇದಾರ ಬಂದು ಅವರ ಮೊಣಕಾಲಿಗೆ ತಲೆ ಒತ್ತಿ ನಿಂತಿತು. ಮೇಷ್ಟರು ಅದರ ಬೆನ್ನ ಮೇಲೆ ಎಡಗೈ ಎಳೆದರು. ಬೆರಳು ಮೂಳೆಗಳ ಮೇಲೆ ಒಂದೊಂದಾಗಿ ಹತ್ತಿ ಇಳಿಯಿತು. ತಲೆ ಎತ್ತಿ ಮಗನನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಹೇಳದೆ ಮುಚ್ಚಿಟ್ಟದ್ದೆಲ್ಲ ಅಲ್ಲಿಗೆ ಬಯಲಾಯಿತು.

ಸೊಸೆ ಬೋಗುಣಿ ತಂದಿಟ್ಟಳು. ದಫೇದಾರ ಕೂತು ಅವರ ಬಲಗೈಯನ್ನೇ ನೋಡಿತು. ಬಲಗೈ ತೊಡೆಯ ಮೇಲೆ ಒಗೆದು ಬಿಟ್ಟ ಬಟ್ಟೆಯಂತೆ ಬಿದ್ದಿತ್ತು. ಮೇಷ್ಟರು ಬಾಯಿ ತೆರೆದರು. "ಆ... ಆ..." ಎಂದಷ್ಟೇ ಬಂತು. ಇನ್ನೊಮ್ಮೆ ಪ್ರಯತ್ನಿಸಿದರು, ಕತ್ತಿನ ನರ ಉಬ್ಬಿತು. ಕೊನೆಗೆ ಎಡಗೈ ಎತ್ತಿ ಎಡತೊಡೆ ತಟ್ಟಿದರು.

ದಫೇದಾರ ಮುಖ ತಿರುಗಿಸಿತು.

ಎಡಗೈಯನ್ನು ನಂಬಬೇಡ ಎಂದು ಅದಕ್ಕೆ ಆರು ವರ್ಷ ಪಾಠ ಹೇಳಿದವರು ಅವರೇ. ಮೇಷ್ಟರು ಎಡಗೈಯಿಂದ ಮಾಂಸದ ಚೂರೊಂದನ್ನು ಎತ್ತಿ ಅದರ ಮೂಗಿನ ಹತ್ತಿರ ಹಿಡಿದರು. ನಾಯಿಯ ಬಾಯಿಂದ ನೀರಿಳಿಯಿತು, ಮೈ ನಡುಗಿತು, ಮುಖ ಮಾತ್ರ ಈ ಕಡೆ ತಿರುಗಲಿಲ್ಲ. ಅವರು ಚೂರನ್ನು ನೆಲಕ್ಕೆ ಹಾಕಿ, ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಲು ಕೈಸನ್ನೆ ಮಾಡಿದರು.

ಅವತ್ತಿನಿಂದ ಮೇಷ್ಟರೂ ಊಟ ಬಿಟ್ಟರು. ಎಡಗೈಯಲ್ಲಿ ಚಮಚ ಹಿಡಿದು ತಾವೇ ತಿನ್ನಬೇಕು, ಅದೇ ವ್ಯಾಯಾಮ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಚಮಚ ಕೊಟ್ಟರೆ ಕೆಳಗೆ ಹಾಕುವರು. ಅತ್ತೆ ತಿನ್ನಿಸಲು ಹೋದರೆ ಹಲ್ಲು ಕಚ್ಚುವರು. ಗಂಜಿ ಗಲ್ಲದ ಮೇಲೆ ಹರಿದು ಅಂಗಿಗಿಳಿಯುತ್ತಿತ್ತು.

"ಅಪ್ಪಾ, ಒಂದು ನಾಯಿಗೋಸ್ಕರ ನೀವು ಉಪವಾಸ ಸಾಯ್ತೀರಾ?" ಮಗ ಕೂಗಾಡಿದ. "ಅದನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ ಒಂದು ಇಂಜೆಕ್ಷನ್ ಕೊಡಿಸಿ ಮಲಗಿಸಿಬಿಡ್ತೀನಿ. ಅದಕ್ಕೂ ನರಳಾಟ ತಪ್ಪುತ್ತೆ, ನಮಗೂ ತಪ್ಪುತ್ತೆ."

"ಬಾಯ್ಮುಚ್ಚೋ!" ಎಂದರು ಅತ್ತೆ. "ಆ ಮಾತು ಅವರ ಮುಂದೇನಾ ಆಡೋದು?"

"ಮತ್ತೇನ್ ಮಾಡ್ಲಿ ಅಮ್ಮ? ಅದು ಇವರನ್ನ ನೋಡ್ಕೊಂಡು ಕೂತಿದೆ, ಇವರು ಗೋಡೆ ನೋಡ್ಕೊಂಡು ಕೂತಿದಾರೆ. ನಾಡಿದ್ದು ಶನಿವಾರ. ಅಷ್ಟರೊಳಗೆ ತಿನ್ನದಿದ್ರೆ ನಾನು ಕರ್ಕೊಂಡು ಹೋಗೋನೇ."

ಹೇಳಿದ್ದನ್ನು ಮಾಡುವ ಮನುಷ್ಯನಲ್ಲ ಅವನು, ಆದರೆ ಅವತ್ತು ಅವನ ಮುಖ ನೋಡಿ ಸೊಸೆಗೆ ಹೆದರಿಕೆಯಾಯಿತು. ಅವಳು ಬೋಗುಣಿ ತೊಳೆಯುವ ಕಲ್ಲಿನ ಮೇಲೆ ಕೂತಳು. ಹನ್ನೆರಡು ವರ್ಷ ಇದೇ ಕಲ್ಲಿನ ಮೇಲೆ ಕೂತು ಅವಳು ಮಾವನ ಕೆಲಸ ನೋಡಿದ್ದಳು. ಪಳಗಿದ ನಾಯಿಯನ್ನು ಮೇಷ್ಟರು ಹಗ್ಗ ಕೊಟ್ಟು ಕಳಿಸಿಬಿಡುತ್ತಿರಲಿಲ್ಲ. ಅದಕ್ಕೊಂದು ಒಪ್ಪಿಸುವ ವಾರವಿತ್ತು. ಕೊಂಡವನು ಏಳು ದಿನ ಇಲ್ಲಿಗೇ ಬರಬೇಕು. ಮೊದಲ ದಿನ ಅವನ ಕೈಯ ಮೇಲೆ ಮೇಷ್ಟರ ಕೈ, ಎರಡೂ ಸೇರಿ ತೊಡೆ ತಟ್ಟಬೇಕು. ಆಮೇಲೆ ಮೇಷ್ಟರು ಪಕ್ಕದಲ್ಲಿ ನಿಲ್ಲುವರು, ಆಮೇಲೆ ದೂರ ನಿಲ್ಲುವರು. ಏಳನೆಯ ದಿನ ಮೇಷ್ಟರೇ ಮಾಂಸ ಚಾಚುವರು. ನಾಯಿ ಅದನ್ನು ಮುಟ್ಟದೆ ಹೊಸ ಯಜಮಾನನ ಮುಖ ನೋಡಿದರೆ ಕೆಲಸ ಮುಗಿಯಿತು. "ಇನ್ನು ನಿಮ್ದು" ಎಂದು ಹಿಂತಿರುಗಿ ನೋಡದೆ ಒಳಗೆ ಬರುವರು. ಅವತ್ತು ಮಧ್ಯಾಹ್ನ ಅವರು ಊಟ ಮಾಡುತ್ತಿರಲಿಲ್ಲ. ಹೊಟ್ಟೆ ಸರಿಯಿಲ್ಲ ಎನ್ನುವರು. ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ.

ಅವಳು ಕೈ ಒರೆಸಿಕೊಂಡು ಮಾವನ ಕೋಣೆಗೆ ಹೋಗಿ ಗೋಡೆಗೂ ಕುರ್ಚಿಗೂ ನಡುವೆ ನಿಂತಳು. ಬೇರೆ ಕಡೆ ನೋಡಲು ಅವರಿಗೆ ಜಾಗವಿರಲಿಲ್ಲ.

"ಮಾವ, ದಫೇದಾರನ್ನ ನಂಗೆ ಒಪ್ಪಿಸಿ."

ಮೇಷ್ಟರ ಎಡಗಣ್ಣು ಕೆಂಪಾಯಿತು. ಗಂಟಲಿನಿಂದ ಒಂದು ಸದ್ದು ಬಂತು, ಥೇಟು ನಾಯಿಯದೇ.

"ಬೈಕೊಳ್ಳಿ. ಯಾರಿಗೂ ಕೊಡಲ್ಲ ಅಂದಿದ್ರಿ, ಗೊತ್ತು. ನಿಮ್ಮ ಮಗ ಅದಕ್ಕೆ ಕಳ್ಳ, ಅತ್ತೆ ಕಳ್ಳಿ, ಆ ಚಿಕ್ಕ ಮಗೂನೂ ಕಳ್ಳಿ. ನಾನೊಬ್ಳೇ ಅದಕ್ಕೆ ಯಾವತ್ತೂ ಸುಳ್ಳು ಊಟ ತೋರಿಸಿಲ್ಲ. ಇನ್ನು ಯಾರಿಗೆ ಒಪ್ಪಿಸ್ತೀರಿ?"

ಅವರು ಕಣ್ಣು ಮುಚ್ಚಿಕೊಂಡರು. ಅವಳು ಮಾವನ ಮುಂದೆ ಇಷ್ಟು ಮಾತು ಒಟ್ಟಿಗೆ ಆಡಿದ್ದು ಇದೇ ಮೊದಲು. ಹೊರಗೆ ಅತ್ತೆ "ಏನಂದ್ಯೇ ಅವ್ರಿಗೆ?" ಎಂದು ಪಿಸುಗುಟ್ಟಿದರು. "ಕೇಳ್ದೆ ಅತ್ತೆ, ಅಷ್ಟೇ" ಎಂದಳು. ಅವತ್ತೂ ಎರಡು ಊಟ ಹಾಗೇ ವಾಪಸು ಬಂದವು, ಒಂದು ತಟ್ಟೆ, ಒಂದು ಬೋಗುಣಿ.

ಶುಕ್ರವಾರ ಬೆಳಿಗ್ಗೆ ಅವಳು ಬೋಗುಣಿ ಹಿಡಿದು ಅಂಗಳಕ್ಕೆ ಹೋಗುವಾಗ ಮಾವನ ಕೋಣೆಯಿಂದ ಟಕಟಕ ಸದ್ದಾಯಿತು. ಮೇಷ್ಟರು ಎಡಗೈಯಲ್ಲಿ ಚಮಚ ಹಿಡಿದು ಕುರ್ಚಿಯ ಕಬ್ಬಿಣಕ್ಕೆ ಬಡಿಯುತ್ತಿದ್ದರು. ಅವಳು ಕುರ್ಚಿಯನ್ನು ಅಂಗಳಕ್ಕೆ ತಳ್ಳಿಕೊಂಡು ಬಂದಳು. ದಫೇದಾರ ಈಗ ಪೂರ್ತಿ ಕೂರಲಾರದೆ ಗೋಡೆಗೆ ಒರಗಿತ್ತು. ಮೇಷ್ಟರು ಎಡಗೈಯಿಂದ ತಮ್ಮ ಬಲಗೈಯ ಮಣಿಕಟ್ಟು ಹಿಡಿದು ಎತ್ತಿದರು. ಭಾರಕ್ಕೆ ಭುಜ ಒಂದು ಕಡೆ ವಾಲಿತು. ಅವಳನ್ನು ನೋಡಿದರು. ಅವಳು ಕುರ್ಚಿಯ ಪಕ್ಕ ಮಂಡಿಯೂರಿ ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟಳು. ಅವರು ಸತ್ತ ಕೈಯನ್ನು ತಂದು ಅವಳ ಕೈಯ ಮೇಲಿಟ್ಟರು. ಅದು ತಣ್ಣಗಿತ್ತು. ಅವಳು ಎರಡೂ ಕೈಗಳನ್ನು ಒಟ್ಟಿಗೆ ಎತ್ತಿ ತೊಡೆ ತಟ್ಟಿದಳು.

"ಅಪ್ಪಣೆ" ಎಂದಳು.

ದಫೇದಾರ ಕೈಗಳನ್ನು ನೋಡಿತು. ಅವಳ ಮುಖ ನೋಡಿತು. ಮೇಷ್ಟರ ಮುಖ ಬಹಳ ಹೊತ್ತು ನೋಡಿತು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ, ಮಗ, ಪುಟ್ಟಿ ಸಾಲಾಗಿ ನಿಂತಿದ್ದರು. ಮೇಷ್ಟರು ಒಂದು ಸಲ ಹೂಂ ಎಂಬಂತೆ ತಲೆಯಾಡಿಸಿದರು. ನಾಯಿ ಬೋಗುಣಿಗೆ ಬಾಯಿ ಹಾಕಿತು.

"ತಿಂತು! ಅಜ್ಜೀ, ತಿಂತು!" ಪುಟ್ಟಿ ಕುಣಿದಾಡಿದಳು. ಗಂಡ ಗೋಡೆಗೆ ಹಣೆ ಒರಗಿಸಿ ನಿಂತುಬಿಟ್ಟ. "ಮೊದಲು ಸ್ವಲ್ಪವೇ ಹಾಕು, ವಾಂತಿ ಮಾಡ್ಕೊಳ್ಳುತ್ತೆ" ಎಂದ ಅಲ್ಲಿಂದಲೇ, ಒದ್ದೆ ದನಿಯಲ್ಲಿ.

ಅವತ್ತು ಮೇಷ್ಟರೂ ಹೆಂಡತಿಯ ಕೈಯಿಂದ ನಾಲ್ಕು ಚಮಚ ಗಂಜಿ ಕುಡಿದರು. ಮನೆಯವರಿಗೆ ಅಷ್ಟೇ ಸಾಕಾಗಿತ್ತು. ಚಮಚವನ್ನು ತಾವೇ ಹಿಡಿಯಲು ಮಾತ್ರ ಒಪ್ಪಲಿಲ್ಲ. ಎಡಗೈಯನ್ನು ಕಂಡರೆ ಅವರಿಗೆ ಇನ್ನೂ ಅಸಹ್ಯ.

ಒಪ್ಪಿಸುವ ವಾರ ನಡೆಯಿತು. ಎರಡನೇ ದಿನ ಅವರ ಕೈ ಅವಳ ಭುಜದ ಮೇಲಿತ್ತು, ನಾಲ್ಕನೇ ದಿನ ಕುರ್ಚಿ ಎರಡು ಮಾರು ಹಿಂದೆ ಹೋಯಿತು, ಆರನೇ ದಿನ ಮೇಷ್ಟರು ಒಳಗೇ ಉಳಿದರು. ದಫೇದಾರನ ಪಕ್ಕೆ ತುಂಬಿಕೊಳ್ಳುತ್ತಿತ್ತು. ಸೊಸೆಗೆ ಮಾತ್ರ ನಿರಾಳವಿರಲಿಲ್ಲ. ಏಳನೆಯ ದಿನ ಮಾವನೇ ಮಾಂಸ ಚಾಚಬೇಕು, ದಫೇದಾರ ಅವರಿಂದ ಮುಖ ತಿರುಗಿಸಬೇಕು.

"ಏಳನೇದು ಬೇಡ ಬಿಡಿ ಮಾವ" ಎಂದಳು ಆ ಬೆಳಿಗ್ಗೆ. "ತಿಂತಿದೆಯಲ್ಲ, ಅಷ್ಟು ಸಾಕು."

ಮೇಷ್ಟರು ಚಮಚದಿಂದ ಕಬ್ಬಿಣ ಬಡಿದರು. ಕೆಲಸದ ಜಾತಿ, ಅರ್ಧಕ್ಕೆ ಬಿಡುವ ಮಾತಿಲ್ಲ.

ಅಂಗಳದಲ್ಲಿ ಅವರು ಎಡಗೈಯಲ್ಲಿ ಮಾಂಸದ ಚೂರು ಹಿಡಿದು ಚಾಚಿದರು. ದಫೇದಾರ ಹತ್ತಿರ ಬಂದು ಕೂತಿತು. ಚೂರನ್ನು ನೋಡಿತು, ಆರು ವರ್ಷ ಸಾಕಿದ ಮುಖವನ್ನು ನೋಡಿತು. ಆಮೇಲೆ ಕತ್ತು ತಿರುಗಿಸಿ, ಕಲ್ಲಿನ ಹತ್ತಿರ ನಿಂತಿದ್ದ ಸೊಸೆಯ ಮುಖ ನೋಡುತ್ತಾ ಕಾದಿತು.

ಮೇಷ್ಟರ ಕೈ ಗಾಳಿಯಲ್ಲಿ ಹಾಗೇ ನಿಂತಿತ್ತು. ನಲವತ್ತು ವರ್ಷದಲ್ಲಿ ಅವರು ಪಳಗಿಸಿದ ಯಾವ ನಾಯಿಯೂ ಪಾಠವನ್ನು ಇಷ್ಟು ಚೆನ್ನಾಗಿ ಒಪ್ಪಿಸಿರಲಿಲ್ಲ. ಅವರ ಕೆನ್ನೆಯ ಮೇಲೆ ನೀರು ಇಳಿಯಿತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಅವಳಿಗೆ ತಡೆಯಲಾಗಲಿಲ್ಲ, ಪಟ್ಟನೆ ತೊಡೆ ತಟ್ಟಿದಳು.

"ಅಪ್ಪಣೆ!"

ದಫೇದಾರ ತಿರುಗಿ, ಮೇಷ್ಟರ ಎಡಗೈಯಿಂದ ಆ ಚೂರನ್ನು ಮೆತ್ತಗೆ ತೆಗೆದುಕೊಂಡು ತಿಂದಿತು. ಬೆರಳುಗಳನ್ನೂ ನೆಕ್ಕಿತು. ಮೇಷ್ಟರು ತಮ್ಮ ಎಡಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡರು. "ಇನ್ನು ನಿಮ್ದು" ಎನ್ನಲು ಅವರಿಗೆ ಮಾತಿರಲಿಲ್ಲ. ಕುರ್ಚಿಯ ಚಕ್ರವನ್ನು ತಾವೇ ಒಂದು ಕೈಯಿಂದ ನೂಕಿ, ಬಾಗಿಲ ಕಡೆ ಸೊಟ್ಟಸೊಟ್ಟಗೆ ಹೋದರು. ಹಿಂತಿರುಗಿ ನೋಡಲಿಲ್ಲ.

"ಇವತ್ತು ಮಧ್ಯಾಹ್ನ ಉಣ್ಣಲ್ಲ ಬಿಡು ಅವ್ರು" ಎಂದರು ಅತ್ತೆ, ತಟ್ಟೆ ಜೋಡಿಸುತ್ತಾ. "ನಂಗೊತ್ತಿಲ್ವಾ? ನಾಯಿ ಕಳಿಸಿದ ದಿನ."

"ಕಳಿಸಿಲ್ವಲ್ಲ ಅತ್ತೆ. ಇಲ್ಲೇ ಇದೆ" ಎಂದು ಸೊಸೆ ಗಂಜಿಯ ತಟ್ಟೆಯನ್ನು ತಾನೇ ಒಯ್ದು ಮೇಜಿನ ಮೇಲಿಟ್ಟಳು. ಚಮಚವನ್ನು ಮಾವನ ಎಡಗೈಯ ಪಕ್ಕಕ್ಕಿಟ್ಟಳು. ತಿನ್ನಿಸಲು ಹೋಗಲಿಲ್ಲ, ಇಟ್ಟು ಸುಮ್ಮನೆ ನಿಂತಳು, ಅವಳಿಗೆ ಗೊತ್ತಿದ್ದ ಕೆಲಸ ಅದೊಂದೇ. ದಫೇದಾರ ಬಂದು ಅವಳ ಕಾಲ ಬಳಿ ಕೂತಿತು.

ಮೇಷ್ಟರು ಗಂಜಿ ನೋಡಿದರು. ಚಮಚ ನೋಡಿದರು. ಎಡಗೈಯಲ್ಲಿ ಅದನ್ನು ಎತ್ತಿ, ತುಂಬಿಸಿ, ಬಾಯಿಯ ಹತ್ತಿರ ತಂದು, ತಲೆ ಎತ್ತಿ ಸೊಸೆಯ ಮುಖ ನೋಡುತ್ತಾ ನಿಲ್ಲಿಸಿದರು.

ಅಪ್ಪಣೆ ಎಂಬ ಆ ಪದವನ್ನು ಅವಳು ಮಾವನಿಗೆ ಹೇಳುವವಳಲ್ಲ.

"ತಣ್ಣಗಾಗುತ್ತೆ ಮಾವ, ತಿನ್ನಿ" ಎಂದಳು.

ಮೇಷ್ಟರು ತಿಂದರು. ಅರ್ಧ ಬಾಯಿಗೆ ಹೋಯಿತು, ಅರ್ಧ ನೆಲಕ್ಕೆ ಬಿತ್ತು. ಮೇಜಿನ ಅಡಿಯಿಂದ ಗಿರಗಿಟ್ಲೆ ನುಗ್ಗಿ ಬಂದು, ಯಾರ ಅಪ್ಪಣೆಗೂ ಕಾಯದೆ ಅದನ್ನು ನೆಕ್ಕಿ, ಇನ್ನಷ್ಟು ಬೀಳಲಿ ಎಂದು ಬಾಲ ಅಲ್ಲಾಡಿಸುತ್ತಾ ಕೂತಿತು. ಮೇಷ್ಟರು ಅದನ್ನು ದಿಟ್ಟಿಸಿ ನೋಡಿದರು. ಆಮೇಲೆ ಇದ್ದ ಅರ್ಧ ಬಾಯಲ್ಲೇ ನಕ್ಕು, ಎರಡನೆಯ ಚಮಚ ತುಂಬಿದರು.